ಸಿಪಾಯಿಯ ಬಾಯಿಗೆ ಬೀಗ: ವೆಲ್ಲೂರಿನಿಂದ ಕೆಜಿಎಫ್‌ವರೆಗೆ

ಶ್ರೀರಂಗಪಟ್ಟಣ ಬಿದ್ದು ಮೂರು ವರ್ಷವಾಗಿತ್ತು. 1802ರಲ್ಲಿ ಇಂಗ್ಲಿಷ್ ಸೇನೆಯ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಾರೆನ್ ಮೈಸೂರು ಸೀಮೆಯ ಮೂಡಣ ಗಡಿಯ ಸರ್ವೆಗೆ ಬಂದ. ಮೇಲಿನವರು ಅವನಿಗೆ ಒಪ್ಪಿಸಿದ್ದ ಕೆಲಸ ಗಡಿ ಗುರುತಿಸುವುದು, ಅಷ್ಟೇ. ಆದರೆ ಈ ನೆಲದಲ್ಲಿ ಚಿನ್ನವಿದೆ ಎಂಬ ಊರವರ ಮಾತು ಅವನ ಕಿವಿಗೆ ಬಿತ್ತು. ತೋರಿಸಿದವರಿಗೆ ಇನಾಮು ಎಂದು ಸಾರಿದ. ಊರಿಗಾಂ ಕಡೆಯ ಜನ ಮಣ್ಣು ಹೊತ್ತು ತಂದು ಅವನ ಕಣ್ಣೆದುರೇ ತೊಳೆದು ಹಳದಿ ಹುಡಿ ತೋರಿಸಿದರು. ಮಾರಿಕುಪ್ಪಂ ಬಳಿ ಹಳೆಯ ಗುಂಡಿಗಳಿಗೆ ಇಳಿದು ದುಡಿಯುತ್ತಿದ್ದವರನ್ನೂ ನೋಡಿ ವಾರೆನ್ ವರದಿ ಬರೆದ. ಹೇಳಿದ ಕೆಲಸ ಬಿಟ್ಟು ಬೇರೆಯದಕ್ಕೆ ಕೈ ಹಾಕಿದೆಯೇಕೆ ಎಂದು ಅವನನ್ನು ಯಾರೂ ಗದರಲಿಲ್ಲ. ಬರೆದದ್ದು ಅಚ್ಚಿಗೂ ಹೋಯಿತು. ಎಷ್ಟೋ ವರ್ಷಗಳ ಮೇಲೆ ಅದನ್ನು ಓದಿದವನೂ ಒಬ್ಬ ಸೈನಿಕನೇ. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಎದುರು ಕಾದಾಡಿ ಬಂದು ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಐರಿಷ್‌ನವ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ 1871ರಲ್ಲಿ ಎತ್ತಿನ ಗಾಡಿ ಹತ್ತಿ ಕೋಲಾರದ ಕಡೆ ಹೊರಟ, 1873ರಲ್ಲಿ ಗಣಿಯ ಹಕ್ಕಿಗೆ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅವನ ಕೈಯಿಂದ ಆ ಹಕ್ಕು ಮದ್ರಾಸ್ ಸೇನೆಯ ಅಧಿಕಾರಿಗಳೂ ಇದ್ದ ಒಂದು ಗುಂಪಿಗೆ ದಾಟಿತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಬರುವ ಹೊತ್ತಿಗೆ ಕೆಜಿಎಫ್‌ನ ಹುಟ್ಟಿನಲ್ಲಿ ಸಮವಸ್ತ್ರದವರ ಪಾಲು ಸಾಕಷ್ಟಿತ್ತು.

ಸೈನಿಕ ತುಟಿ ಬಿಚ್ಚಬಾರದು ಎಂಬುದನ್ನು ಸೈನ್ಯದಷ್ಟೇ ಹಳೆಯ ಧರ್ಮವೆಂದು ನಾವು ನಂಬಿಕೊಂಡಿದ್ದೇವೆ. ಈ ಸೀಮೆಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಸೈನಿಕರು ಸದಾ ಮಾತಾಡಿದ್ದಾರೆ. ಆಳುವವರು ಅದರಲ್ಲಿ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದಕ್ಕೆ ಚಾಟಿ ಎತ್ತಬೇಕು ಎಂದು ಆರಿಸಿದ್ದಾರೆ. ಮಾತಿನಿಂದ ಎಷ್ಟು ಅಪಾಯ ಎನ್ನುವುದಕ್ಕಿಂತ ಆಡಿದವನ ದರ್ಜೆ ಏನು, ಅದರಿಂದ ತಮಗೇನು ಲಾಭ ಎಂಬುದೇ ಬಹುಪಾಲು ಆ ಆಯ್ಕೆಯ ಅಳತೆಗೋಲಾಗಿತ್ತು. ಚಿನ್ನವಿದೆ ಎಂದ ಲೆಫ್ಟಿನೆಂಟನ ಮಾತು ರುಚಿಸಿತು. ಅದಾದ ನಾಲ್ಕೇ ವರ್ಷಕ್ಕೆ, ಅಲ್ಲಿಂದ ನೂರು ಕಿಲೋಮೀಟರ್ ಆಸುಪಾಸಿನ ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ಆಡಿದ ಮಾತು ರುಚಿಸಲಿಲ್ಲ. ಮದ್ರಾಸ್ ಸೇನೆಯ ದಂಡನಾಯಕ ಸರ್ ಜಾನ್ ಕ್ರಡಾಕ್ ಹೊಸ ಬಗೆಯ ರುಮಾಲು ಕಡ್ಡಾಯ ಮಾಡಿದ್ದ. ಹಣೆಯ ನಾಮ, ವಿಭೂತಿ, ಕಿವಿಯ ಒಂಟಿ, ಗಡ್ಡ ಇವಕ್ಕೆಲ್ಲ ಅಡ್ಡಿ ಬಂದಿತ್ತು. 1806ರ ಮೇ ತಿಂಗಳಲ್ಲಿ ಒಂದು ಪಟಾಲಮ್ಮಿನವರು ಆ ರುಮಾಲು ತೊಡೆವು ಎಂದರು. ಆಗ ಅವರ ಕೈಯಲ್ಲಿ ಬಂದೂಕಿರಲಿಲ್ಲ, ಮಾತೊಂದೇ ಇತ್ತು. ಸಿಕ್ಕಿದ್ದು ಕೋರ್ಟ್ ಮಾರ್ಷಲ್. ಒಬ್ಬ ಹಿಂದೂ, ಒಬ್ಬ ಮುಸಲ್ಮಾನನಿಗೆ ತಲಾ 900 ಚಡಿಯೇಟು. ಜೂನ್‌ನಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ, ಒಳಗೊಳಗೇ ಬಂಡಾಯ ಕುದಿಯುತ್ತಿದೆ ಎಂದು ತನ್ನ ಮೇಲಧಿಕಾರಿಗೆ ತಿಳಿಸಿದ. ಅವನಿಗೆ ತಲೆಕೆಟ್ಟಿದೆ ಎಂದು ಕೂಡಿಹಾಕಿದರು. ಜುಲೈ 10ರ ನಸುಕಿನಲ್ಲಿ ಬಂಡಾಯ ಎದ್ದಿತು. ಬಿಳಿಯ ಸೈನಿಕರು ನೂರಕ್ಕೂ ಹೆಚ್ಚು ಸತ್ತರು, ಆರ್ಕಾಟಿನಿಂದ ಧಾವಿಸಿದ ಗಿಲೆಸ್ಪಿಯ ಕುದುರೆಪಡೆಗೆ ಸಿಪಾಯಿಗಳು ನೂರಾರು ಸಂಖ್ಯೆಯಲ್ಲಿ ಬಲಿಯಾದರು. ಆಮೇಲೆ ಮುಸ್ತಫಾ ಬೇಗ್‌ಗೆ ಇನಾಮು ಕೊಟ್ಟರು, ರುಮಾಲಿನ ಆಜ್ಞೆಯನ್ನು ಹಿಂತೆಗೆದರು. ಗವರ್ನರ್ ಬೆಂಟಿಂಕ್ ಮತ್ತು ಕ್ರಡಾಕ್ ಇಬ್ಬರನ್ನೂ ಲಂಡನ್ ವಾಪಸ್ ಕರೆಸಿಕೊಂಡಿತು. ಅಂದರೆ ಮೇ ತಿಂಗಳಲ್ಲಿ ಸಿಪಾಯಿಗಳು ಆಡಿದ್ದ ಮಾತೇ ಕೊನೆಗೆ ಸರ್ಕಾರದ ತೀರ್ಮಾನವಾಯಿತು, ನಡುವೆ ಅಷ್ಟು ಹೆಣ ಬಿದ್ದ ಮೇಲೆ.

ಇದು ಸಿಪಾಯಿಗಳ ಮಾತಾಯಿತು. ಅದೇ ಮದ್ರಾಸ್ ಸೇನೆಯ ಬಿಳಿಯ ಅಧಿಕಾರಿಗಳು ಮೂರು ವರ್ಷದ ನಂತರ, 1809ರಲ್ಲಿ, ಸರ್ಕಾರದ ವಿರುದ್ಧವೇ ನಿಂತರು. ಡೇರೆಗಳ ಗುತ್ತಿಗೆಯಿಂದ ಅವರಿಗೆ ಬರುತ್ತಿದ್ದ ಹಣವನ್ನು ಸರ್ಕಾರ ನಿಲ್ಲಿಸಿದ್ದೇ ಜಗಳದ ಮೂಲ. ಅವರು ಮನವಿ ಬರೆದು ಸಹಿ ಹಾಕಿ ದಂಡಿನಿಂದ ದಂಡಿಗೆ ಹಂಚಿದರು; ಗವರ್ನರ್ ಜಾರ್ಜ್ ಬಾರ್ಲೋ ಕೆಲವರನ್ನು ಅಮಾನತು ಮಾಡಿದಾಗ ಶ್ರೀರಂಗಪಟ್ಟಣದ ಕೋಟೆಯನ್ನೇ ಹಿಡಿದು ಕುಳಿತರು. ಅವರ ನೆರವಿಗೆಂದು ಚಿತ್ರದುರ್ಗದಿಂದ ಹೊರಟ ಪಡೆಗಳ ಮೇಲೆ ಸರ್ಕಾರದ ಸೈನ್ಯ ಮತ್ತು ಮೈಸೂರಿನ ಕುದುರೆಪಡೆ ಬಿದ್ದಾಗ ಸತ್ತವರು ಯಾರು? ಅಧಿಕಾರಿಗಳ ಹಿಂದೆ ನಡೆದು ಬಂದ ದೇಶೀ ಸಿಪಾಯಿಗಳು. ಡೇರೆಯ ಲೆಕ್ಕದಲ್ಲಿ ಅವರದೇನೂ ಇರಲಿಲ್ಲ. ಬಂಡೆದ್ದ ಅಧಿಕಾರಿಗಳಲ್ಲಿ ಶಿಕ್ಷೆಯಾದದ್ದು ಕೆಲವರಿಗೆ. ಕೆಲಸ ಕಳೆದುಕೊಂಡವರಲ್ಲೂ ಬಹಳ ಮಂದಿ ಮುಂದೆ ಮತ್ತೆ ಸೇವೆಗೆ ಸೇರಿದರು. ರುಮಾಲು ಬೇಡ ಎಂದವನಿಗೆ ಚಡಿ, ಕೋಟೆ ಹಿಡಿದವನಿಗೆ ಕ್ಷಮೆ. ಶಿಸ್ತು ಎಂಬ ಪದವನ್ನು ಇಂದು ಯಾರಾದರೂ ಗಂಭೀರವಾಗಿ ಉಚ್ಚರಿಸಿದಾಗ ಈ ಎರಡು ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಗಣಿ ಬಂದ ಮೇಲೂ ಈ ಕ್ರಮವೇನೂ ಬದಲಾಗಲಿಲ್ಲ. ಗಣಿಯ ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ನೌಕರರದ್ದೇ ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್ ಎಂಬ ಒಂದು ಪಡೆಯೂ ಇತ್ತು. ದೊರೆಯೂ ಅವರೇ, ದಂಡೂ ಅವರೇ ಆದಲ್ಲಿ ಮಾತಾಡುವ ಹಕ್ಕನ್ನು ಕೇಳಿ ಪಡೆಯುವ ಗರಜೇ ಅವರಿಗೆ ಬೀಳಲಿಲ್ಲ.

ಸ್ವತಂತ್ರ ಭಾರತ ಈ ವಿಷಯವನ್ನು ಸಂವಿಧಾನದ 33ನೇ ವಿಧಿಯಲ್ಲಿ ಇತ್ಯರ್ಥ ಮಾಡಿತು: ಸೇನೆಯವರಿಗೆ ಮೂಲಭೂತ ಹಕ್ಕುಗಳನ್ನು ಎಷ್ಟರ ಮಟ್ಟಿಗೆ ಮೊಟಕು ಮಾಡಬಹುದೆಂದು ಸಂಸತ್ತು ಹೇಳಬಹುದು. 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳು ಅದನ್ನು ಜಾರಿಗೆ ತಂದವು. 21ನೇ ನಿಯಮದ ಪ್ರಕಾರ ರಾಜಕೀಯ ಪ್ರಶ್ನೆಯ ಬಗ್ಗೆಯಾಗಲಿ ಸೇನಾ ವಿಷಯದ ಬಗ್ಗೆಯಾಗಲಿ ಅನುಮತಿಯಿಲ್ಲದೆ ಪತ್ರಿಕೆಗೆ ಹೇಳುವಂತಿಲ್ಲ, ಲೇಖನ ಬರೆಯುವಂತಿಲ್ಲ, ಪುಸ್ತಕ ಪ್ರಕಟಿಸುವಂತಿಲ್ಲ. ನಿಯಮಕ್ಕೆ ಸಮರ್ಥನೆ ಇದೆ, ಅದಕ್ಕೆ ಬರುತ್ತೇನೆ. ಆದರೆ ಅದರ ಹರವನ್ನು ಗಮನಿಸಬೇಕು: ‘ಸೇನಾ ವಿಷಯ’ ಎಂಬುದರೊಳಗೆ ಗುಪ್ತ ನಕ್ಷೆಯೂ ಬರುತ್ತದೆ, ತೂತುಬಿದ್ದ ಬೂಟೂ ಬರುತ್ತದೆ. ಅನ್ಯಾಯವಾದರೆ ಮೇಲಧಿಕಾರಿಗೆ ದೂರು ಕೊಡಲು ಕಾಯ್ದೆಯ 26, 27ನೇ ಕಲಮುಗಳಿವೆ; 2007ರ ಕಾಯ್ದೆಯಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯೂ ಬಂತು. ಇವೆಲ್ಲ ಸೈನಿಕನಿಗೆ ಸ್ವಂತವಾಗಿ ಆದ ಅನ್ಯಾಯಕ್ಕೆ. ಬಡ್ತಿ ತಪ್ಪಿತು, ಪಿಂಚಣಿ ಬಂದಿಲ್ಲ ಎನ್ನಬಹುದು. ತನ್ನ ತುಕಡಿಯನ್ನು ಕಳಿಸುತ್ತಿರುವ ಕಾರ್ಯಾಚರಣೆಯೇ ತಪ್ಪು ಎನ್ನುವವನಿಗೆ ಅಲ್ಲಿ ಬಾಗಿಲಿಲ್ಲ.

ಬಾಗಿಲಿಲ್ಲದ್ದರಿಂದ ಆದದ್ದೇನು ಎಂಬುದಕ್ಕೆ ನಮ್ಮವರೇ ಆದ ಕೊಡಗಿನ ಜನರಲ್ ತಿಮ್ಮಯ್ಯನವರ ಉದಾಹರಣೆ ಸಾಕು. ಸೇನೆಯ ಮುಖ್ಯಸ್ಥರಾಗಿದ್ದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಹೊಂದಿಕೆಯಾಗದೆ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟರು. ನೆಹರೂ ಒತ್ತಾಯಕ್ಕೆ ಹಿಂದಕ್ಕೆ ಪಡೆದರು. ಅಷ್ಟರಲ್ಲಿ ಸುದ್ದಿ ಪತ್ರಿಕೆ ಸೇರಿತ್ತು. ಸಂಸತ್ತಿನಲ್ಲಿ ನೆಹರೂ ಅದನ್ನು ಸಣ್ಣಪುಟ್ಟ ಭಿನ್ನಾಭಿಪ್ರಾಯವೆಂದು ತಳ್ಳಿಹಾಕಿದರು. ಜನರಲ್ ಬಾಯಿ ಮುಚ್ಚಿಕೊಂಡು ಉಳಿದ ಅವಧಿ ಮುಗಿಸಿ 1961ರಲ್ಲಿ ನಿವೃತ್ತರಾದರು. 1962ರ ಜುಲೈನಲ್ಲಿ ‘ಸೆಮಿನಾರ್’ ಮಾಸಿಕದಲ್ಲಿ ಬರೆದರು: ಚೀನಾವನ್ನು ಭಾರತ ತಾನೊಂದೇ ಬಹಿರಂಗ ಯುದ್ಧದಲ್ಲಿ ಎದುರಿಸುವುದನ್ನು ಸೈನಿಕನಾಗಿಯೂ ಊಹಿಸಲಾರೆ ಎಂಬರ್ಥದ ಮಾತು ಅದು. ಮೂರು ತಿಂಗಳಿಗೆ ಯುದ್ಧ ಬಂತು. ನಾಮ್ಕಾ ಚು ಹೊಳೆಯ ದಂಡೆಯಲ್ಲಿ 7ನೇ ಬ್ರಿಗೇಡಿನ ಜವಾನರು ಹತ್ತಿಬಟ್ಟೆಯ ಸಮವಸ್ತ್ರದಲ್ಲಿ ಹಿಮದ ನಡುವೆ ನಿಂತಿದ್ದರು. ಅವರ ಬ್ರಿಗೇಡಿಯರ್ ಜಾನ್ ದಳವಿ ಸೆರೆಸಿಕ್ಕರು. ಆ ಸ್ಥಾನ ನಿಲ್ಲಲಾರದೆಂದು ದಳವಿ ಮೇಲಿನವರಿಗೆ ಮೊದಲೇ ಹೇಳಿದ್ದರು. ದೇಶ ಅವರ ವಾದವನ್ನು ಕೇಳಿದ್ದು 1969ರಲ್ಲಿ ಅವರ ಪುಸ್ತಕ ಬಂದಾಗ. ಕನ್ನಡಿಗರು ರವಿ ಬೆಳಗೆರೆಯವರ ‘ಹಿಮಾಲಯನ್ ಬ್ಲಂಡರ್’ ಅನುವಾದದಲ್ಲಿ ಇನ್ನೂ ತಡವಾಗಿ. ಊಟ, ಬಟ್ಟೆ, ಬೂಟಿನ ದೂರು ಬೇರೆ, ಯುದ್ಧದ ನಿರ್ಧಾರದ ಟೀಕೆ ಬೇರೆ ಎನ್ನುವವರು ಆ ಹತ್ತಿಬಟ್ಟೆಯ ಸಮವಸ್ತ್ರವನ್ನು ಯಾವ ಖಾತೆಗೆ ಹಾಕುತ್ತಾರೋ ತಿಳಿಯದು.

ಈ ಬೂಟು-ಬಟ್ಟೆಯ ಪ್ರಶ್ನೆ ಮತ್ತೆ ಕೆಜಿಎಫ್‌ಗೇ ಬಂದು ಮುಟ್ಟುತ್ತದೆ. 1964ರಲ್ಲಿ ಹುಟ್ಟಿದ ಭಾರತ್ ಅರ್ಥ್ ಮೂವರ್ಸ್, ಎಂದರೆ ಎಲ್ಲರ ಬಾಯಲ್ಲಿ ಬೆಮೆಲ್, ಕೆಜಿಎಫ್‌ನಲ್ಲಿ ಕಾರ್ಖಾನೆಗಳನ್ನು ಕಟ್ಟಿತು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಊರಿಗೆ ಉಳಿದ ದೊಡ್ಡ ಉದ್ಯೋಗ ಅದೊಂದೇ. ಸೇನೆಗೆ ಟಟ್ರಾ ಲಾರಿಗಳನ್ನು ಒದಗಿಸುತ್ತಿದ್ದದ್ದೂ ಈ ಕಂಪನಿಯೇ. 2012ರ ಮಾರ್ಚ್‌ನಲ್ಲಿ ಸೇನಾ ಮುಖ್ಯಸ್ಥ ವಿ.ಕೆ. ಸಿಂಗ್ ‘ದಿ ಹಿಂದೂ’ ಪತ್ರಿಕೆಗೆ ಸಂದರ್ಶನ ಕೊಟ್ಟು, ಕಳಪೆ ದರ್ಜೆಯ 600 ಲಾರಿಗಳನ್ನು ಒಪ್ಪಿಕೊಳ್ಳಲು ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತು ಎಂದರು. ಸಿಬಿಐ ತನಿಖೆ ಆರಂಭವಾಯಿತು. ಆರೋಪದ ಸತ್ಯಾಸತ್ಯ ನನ್ನ ವಿಷಯವಲ್ಲ. ಇಲ್ಲಿನ ವಿಚಿತ್ರ ಬೇರೆ. ಬೆಮೆಲ್ ಕಾರ್ಮಿಕನಿಗೆ ಸಂಘವಿದೆ. ಗೇಟಿನ ಮುಂದೆ ನಿಂತು ಕಂಪನಿಯ ಆಡಳಿತವನ್ನು ಬೈಯಬಲ್ಲ, ಪತ್ರಕರ್ತನನ್ನು ಕರೆದು ಹೇಳಬಲ್ಲ. ಸೇನಾ ಮುಖ್ಯಸ್ಥನೂ ಹೇಳಿ ದಕ್ಕಿಸಿಕೊಂಡ. ಇವರಿಬ್ಬರ ನಡುವೆ, ಲಡಾಖಿನ ತಿರುವುಗಳಲ್ಲಿ ಆ ಲಾರಿಯ ಸ್ಟೀರಿಂಗ್ ಹಿಡಿಯುವ ಹವಾಲ್ದಾರನಿಗೆ ಮಾತ್ರ ಅದರ ಬ್ರೇಕಿನ ಬಗ್ಗೆ ಒಂದು ಸಾಲು ಬರೆದರೂ 21ನೇ ನಿಯಮ ಎದುರಾಗುತ್ತದೆ.

ಗುಟ್ಟು ಹೊರಬಿದ್ದರೆ ಜೀವ ಹೋಗುತ್ತದೆ ಎಂಬುದು ಸೈನಿಕ ಮಾತಾಡಲಿ ಎನ್ನುವುದಕ್ಕೆ ಬರುವ ಮೊದಲ ಆಕ್ಷೇಪ, ಬಲವಾದದ್ದು. ನಾಳೆ ಯಾವ ಕಣಿವೆಗೆ ಪಡೆ ಇಳಿಯುತ್ತದೆ ಎಂದು ಇಂದು ಹೇಳುವವನನ್ನು ಯಾವ ದೇಶವೂ ಬಿಡಬಾರದು. ಆದರೆ ನಿಯಮ ಆ ಮಾತಿಗೆ ಮಾತ್ರ ಕಟ್ಟಿದ ಬೇಲಿಯಲ್ಲ. ಸೇನೆಯಲ್ಲಿ ಮದ್ದುಗುಂಡಿನ ಕೊರತೆ ಇದೆ ಎಂದು ಅದೇ ವಿ.ಕೆ. ಸಿಂಗ್ ಪ್ರಧಾನಿಗೆ ಬರೆದ ಪತ್ರ 2012ರ ಮಾರ್ಚ್ ಕೊನೆಯಲ್ಲಿ ಸೋರಿದಾಗ ದೇಶದ್ರೋಹ ಎಂಬ ಕೂಗೆದ್ದಿತು. ಮೂರು ವರ್ಷಕ್ಕೆ, 2015ರಲ್ಲಿ, ಮಹಾಲೇಖಪಾಲರ ವರದಿ ಅದೇ ಮಾತನ್ನು ಸಂಸತ್ತಿನ ಮೇಜಿನ ಮೇಲಿಟ್ಟಿತು: 40 ದಿನದ ಯುದ್ಧಕ್ಕೆ ಸಾಲಬೇಕಾದ ದಾಸ್ತಾನು ಹಲವು ಬಗೆಯ ಮದ್ದುಗುಂಡುಗಳಲ್ಲಿ ಹತ್ತು ದಿನಕ್ಕೂ ಸಾಲದು. ಅದನ್ನು ಯಾರು ಬೇಕಾದರೂ ಓದಬಹುದು, ಚೀನಾದವರೂ ಸೇರಿ. ಲೆಕ್ಕಿಗ ಹೇಳಿದರೆ ಲೋಕತಂತ್ರ, ಸಿಪಾಯಿ ಹೇಳಿದರೆ ದ್ರೋಹ ಎಂದಾದರೆ ನಾವು ಕಾಯುತ್ತಿರುವುದು ಗುಟ್ಟನ್ನೇ ಎಂದು ನಂಬುವುದು ಕಷ್ಟ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸೇನೆ ಬಾಯಿ ಬಿಟ್ಟರೆ ಮುಂದೆ ಗದ್ದುಗೆಯನ್ನೂ ಕೇಳುತ್ತದೆ. ಪಕ್ಕದ ಪಾಕಿಸ್ತಾನವನ್ನು ನೋಡಿ ಎನ್ನುತ್ತಾರೆ. ವಿ.ಕೆ. ಸಿಂಗ್ 2014ರಲ್ಲಿ ಗಾಜಿಯಾಬಾದಿನಿಂದ ಗೆದ್ದು ಮಂತ್ರಿಯಾದದ್ದು ಈ ಭಯಕ್ಕೆ ನೀರೆರೆಯುತ್ತದೆ, ಒಪ್ಪುತ್ತೇನೆ. ಆದರೆ ಪಾಕಿಸ್ತಾನದಲ್ಲಿ ಗದ್ದುಗೆ ಏರಿದವರು ಮುಖ್ಯಸ್ಥರು, ಲಾರಿ ಓಡಿಸುವವರಲ್ಲ. ನಮ್ಮ ವ್ಯವಸ್ಥೆ ಅಪಾಯವಿರುವ ತುದಿಯಲ್ಲಿ ಸಡಿಲ, ಅಪಾಯ ಕಡಿಮೆಯಿರುವ ತುದಿಯಲ್ಲಿ ಬಿಗಿ. ಹಿಟ್ಲರನ ಸೇನೆಯ ವಿಧೇಯತೆಯನ್ನು ಕಂಡ ಪಶ್ಚಿಮ ಜರ್ಮನಿ 1956ರಲ್ಲಿ ಬೇರೆ ದಾರಿ ಹಿಡಿಯಿತು. ಸೈನಿಕನನ್ನು ಸಮವಸ್ತ್ರ ತೊಟ್ಟ ಪ್ರಜೆ ಎಂದು ಕರೆದು, ಸಂಸತ್ತಿಗೆ ಉತ್ತರ ಕೊಡಬೇಕಾದ ಒಬ್ಬ ಕಮಿಷನರನ ಹುದ್ದೆಯನ್ನು ಸಂವಿಧಾನದಲ್ಲೇ ಸೇರಿಸಿತು. ಯಾವ ಸೈನಿಕನಾದರೂ ಮೇಲಧಿಕಾರಿಯನ್ನು ದಾಟಿ ಅವನಿಗೆ ನೇರ ಬರೆಯಬಹುದು. ಅವನ ವಾರ್ಷಿಕ ವರದಿ ಸಂಸತ್ತಿನಲ್ಲಿ ಬಹಿರಂಗವಾಗಿ ಚರ್ಚೆಯಾಗುತ್ತದೆ. ನಾಗರಿಕ ಸರ್ಕಾರದ ಹಿಡಿತ ಅದರಿಂದ ಸಡಿಲವಾಗಲಿಲ್ಲ. ಜನರಲ್‌ಗಳು ತೋರಿಸಿದ್ದನ್ನಷ್ಟೇ ನೋಡುವ ಬದಲು ಸಂಸತ್ತಿಗೆ ಸೇನೆಯೊಳಗೆ ತನ್ನದೇ ಕಣ್ಣು ಸಿಕ್ಕಿತು.

ನಮ್ಮಲ್ಲಿ ಆದದ್ದು 2017ರ ಜನವರಿಯ ಪ್ರಸಂಗ. ಗಡಿ ಭದ್ರತಾ ಪಡೆಯ ತೇಜ್ ಬಹಾದೂರ್ ಯಾದವ್ ಸುಟ್ಟ ರೊಟ್ಟಿ, ನೀರು ಸಾರಿನ ವಿಡಿಯೊ ಹರಿಬಿಟ್ಟರು. ಏಪ್ರಿಲ್‌ನಲ್ಲಿ ಕೆಲಸ ಹೋಯಿತು. ಸೇನೆ ದೂರು ಪೆಟ್ಟಿಗೆಗಳನ್ನು ಇಡಿಸಿತು, ವಾಟ್ಸಾಪ್ ನಂಬರು ಕೊಟ್ಟಿತು. ಸಾಮಾಜಿಕ ಜಾಲತಾಣಕ್ಕೆ ಹೋದವರಿಗೆ ಶಿಕ್ಷೆಯಾದೀತು ಎಂದು ಅಂದಿನ ಮುಖ್ಯಸ್ಥ ಬಿಪಿನ್ ರಾವತ್ ಸೇನಾ ದಿನದಂದು ಎಚ್ಚರಿಸಿದರು. ಪೆಟ್ಟಿಗೆಯ ಬೀಗದಕೈ ಮಾತ್ರ ದೂರು ಯಾರ ಮೇಲೋ ಅವರ ಸಾಲಿನವರ ಬಳಿಯೇ ಉಳಿಯಿತು. ಈಗ ನಿವೃತ್ತರ ಮಾತಿಗೂ ಅಡ್ಡಿ ಬರುತ್ತಿದೆ. ಸೇನೆಯ ಮಾಜಿ ಮುಖ್ಯಸ್ಥ ಜನರಲ್ ನರವಣೆಯವರ ಆತ್ಮಕಥೆಯ ಕೆಲವು ಭಾಗಗಳು 2023ರ ಕೊನೆಗೆ ಪತ್ರಿಕೆಗಳಲ್ಲಿ ಬಂದವು. ಅಲ್ಪಾವಧಿ ನೇಮಕಾತಿಯ ಅಗ್ನಿಪಥ ಯೋಜನೆ ಸೇನೆಗೇ ಅಚ್ಚರಿಯಾಗಿತ್ತು ಎಂಬುದೂ ಅದರಲ್ಲಿತ್ತು. 2024ರ ಆರಂಭದಲ್ಲಿ ಅಂಗಡಿಗೆ ಬರಬೇಕಿದ್ದ ಪುಸ್ತಕ ಸರ್ಕಾರದ ಪರಿಶೀಲನೆಗೆಂದು ನಿಂತಿತು. ಆ ಯೋಜನೆಯಲ್ಲಿ ಸೇರಿದ ಹುಡುಗರಲ್ಲಿ ಮುಕ್ಕಾಲು ಪಾಲು ನಾಲ್ಕು ವರ್ಷ ಮುಗಿಸಿ ಊರಿಗೆ ಮರಳುವವರು. ಅವರನ್ನು ಎಲ್ಲಿಗೆ, ಏನು ಕೊಟ್ಟು, ಯಾಕೆ ಕಳಿಸಿದ್ದರೆಂದು ಊರಿನವರು ಕೇಳುತ್ತಾರೆ; ಉತ್ತರ ಹೇಳಲು ಅವರಿಗೆಷ್ಟು ಸ್ವಾತಂತ್ರ್ಯ ಎಂಬುದನ್ನು ಸಂಸತ್ತು ಈವರೆಗೆ ಚರ್ಚೆಗೆ ಎತ್ತಿಕೊಂಡಿಲ್ಲ.