ಸಯಾಮಿಗೆ ಹೋದ ದೇಶಕಾಲ

ಥಾಯ್ಲೆಂಡಿನಲ್ಲಿ ಒಬ್ಬರ ನಡವಳಿಕೆ ನೆಟ್ಟಗಿಲ್ಲ ಎನ್ನಲು ದೊಡ್ಡ ಬೈಗುಳವೇನೂ ಬೇಕಿಲ್ಲ. ‘ಮೈ ರೂಚಕ್ ಕಾಲಥೇಸ’ ಅಂದರೆ ಮುಗಿಯಿತು. ‘ಮೈ’ ಎಂದರೆ ಇಲ್ಲ, ‘ರೂಚಕ್’ ಎಂದರೆ ಅರಿತಿರುವುದು. ಉಳಿದ ಪದಕ್ಕೆ ಕನ್ನಡಿಗರು ನಿಘಂಟು ತೆರೆಯಬೇಕಾಗಿಲ್ಲ, ಅದು ನಮ್ಮ ಕಾಲ ಮತ್ತು ದೇಶವೇ. ಕಾಲದೇಶ ಗೊತ್ತಿಲ್ಲದವನು ಎಂದರೆ ಅಲ್ಲಿ ಹೊತ್ತುಗೊತ್ತು, ಜಾಗ, ಎದುರಿಗಿರುವವರ ಹಿರಿತನ ಯಾವುದನ್ನೂ ಲೆಕ್ಕಿಸದವನು, ಒಟ್ಟಿನಲ್ಲಿ ಮರ್ಯಾದೆ ತಿಳಿಯದವನು. ದೇವಾಲಯಕ್ಕೆ ಚಡ್ಡಿಯಲ್ಲಿ ಬರುವ ಪ್ರವಾಸಿಗೂ ಈ ಮಾತು ಬೀಳುತ್ತದೆ, ಅಜ್ಜನ ಎದುರು ಕಾಲು ಚಾಚಿ ಕೂರುವ ಮೊಮ್ಮಗನಿಗೂ ಬೀಳುತ್ತದೆ.

ನಮ್ಮಲ್ಲಿ ಇದು ದೇಶಕಾಲ, ಅಲ್ಲಿ ಕಾಲದೇಶ. ಪೂಜೆಗೆ ಕೂತವರಿಂದ ಪುರೋಹಿತರು ಸಂಕಲ್ಪ ಮಾಡಿಸುವಾಗ ಯುಗ, ಸಂವತ್ಸರ, ಮಾಸ, ತಿಥಿ ಹೇಳಿ, ಯಾವ ಖಂಡ, ಯಾವ ನದಿಯ ತೀರ ಎಂದು ಗುರುತಿಸಿದ ಮೇಲೆಯೇ ಯಜಮಾನನ ಗೋತ್ರ, ಹೆಸರು ಬರುತ್ತದೆ. ಎಲ್ಲಿದ್ದೇನೆ, ಯಾವಾಗ ಇದ್ದೇನೆ ಎಂಬುದು ಮೊದಲು. ನಾನು ಯಾರು ಎಂಬುದು ಆಮೇಲೆ. ಭಗವದ್ಗೀತೆ ಸಾತ್ತ್ವಿಕ ದಾನವನ್ನು ಅಳೆಯುವುದೂ ದೇಶ, ಕಾಲ, ಪಾತ್ರಗಳಿಂದ. ಕೌಟಿಲ್ಯನಿಗೆ ಇದು ಯುದ್ಧದ ವಿಷಯ. ಅರ್ಥಶಾಸ್ತ್ರದಲ್ಲಿ ಶಕ್ತಿ ಹೆಚ್ಚೋ, ದೇಶವೋ, ಕಾಲವೋ ಎಂಬ ಚರ್ಚೆಯೇ ಇದೆ. ನೆಲದ ಮೇಲೆ ನಾಯಿ ಮೊಸಳೆಯನ್ನು ಎಳೆಯುತ್ತದೆ, ನೀರಿನಲ್ಲಿ ಮೊಸಳೆ ನಾಯಿಯನ್ನು ಎಳೆಯುತ್ತದೆ ಎಂದು ಒಂದು ಪಕ್ಷ. ಹಗಲು ಕಾಗೆ ಗೂಬೆಯನ್ನು ಕೊಂದರೆ ರಾತ್ರಿ ಗೂಬೆ ಕಾಗೆಯನ್ನು ಕೊಲ್ಲುತ್ತದೆ ಎಂದು ಇನ್ನೊಂದು. ಮೂರೂ ಒಂದಕ್ಕೊಂದು ಆಸರೆ ಎಂದು ಕೌಟಿಲ್ಯ ತೀರ್ಪು ಕೊಡುತ್ತಾನೆ. ಕನ್ನಡದಲ್ಲಿ ವಿವೇಕ ಶಾನಭಾಗರು ತಮ್ಮ ಸಾಹಿತ್ಯ ಪತ್ರಿಕೆಗೆ ಇದೇ ಜೋಡಿಪದವನ್ನು ಹೆಸರಾಗಿ ಇಟ್ಟಿದ್ದರು. ಆದರೆ ದಿನದ ಮಾತಿನಲ್ಲಿ ನಮಗೆ ಅದು ಅಷ್ಟಾಗಿ ಬೇಕಾಗಿಲ್ಲ. ‘ಹೊತ್ತುಗೊತ್ತು ಬೇಡವಾ?’ ಎಂದು ಗದರಿಸಿ ಮುಗಿಸುತ್ತೇವೆ.

ಆಗ್ನೇಯ ಏಷ್ಯಾಕ್ಕೆ ಸಂಸ್ಕೃತ ವ್ಯಾಪಾರಿಗಳ, ಬ್ರಾಹ್ಮಣರ, ಬೌದ್ಧ ಭಿಕ್ಷುಗಳ ಜೊತೆ ಹೋಯಿತು. ಥಾಯ್ ಭಾಷೆ ಅದರಲ್ಲಿ ಬಹಳಷ್ಟನ್ನು ನೆರೆಯ ಖ್ಮೇರರ ಮೂಲಕ ಪಡೆಯಿತು. 1351ರಲ್ಲಿ ಕಟ್ಟಿದ ಹಳೆಯ ರಾಜಧಾನಿ ಅಯುತ್ಥಯದ ಹೆಸರೇ ಅಯೋಧ್ಯೆಯದು. ಉಚ್ಚಾರ ಮಾತ್ರ ಸಯಾಮಿನದು, ಅಂದರೆ ಹಳೆಯ ಥಾಯ್ಲೆಂಡಿನದು: ‘ದ’ ಅಲ್ಲಿ ‘ಥ’ ಆಗುತ್ತದೆ, ಪದದ ಕೊನೆಯ ‘ಲ್’ ‘ನ್’ ಆಗುತ್ತದೆ. ಬರವಣಿಗೆ ಹಾಗಲ್ಲ, ಅದು ಹಟಮಾರಿ. ಥಾಯ್ ಲಿಪಿಯಲ್ಲಿ ಶ, ಷ, ಸ ಮೂರಕ್ಕೂ ಬೇರೆ ಬೇರೆ ಅಕ್ಷರಗಳಿವೆ. ಮೂರನ್ನೂ ‘ಸ’ ಎಂದೇ ಓದುತ್ತಾರೆ, ಪದದ ಕೊನೆಯಲ್ಲಿ ಬಂದರೆ ‘ತ್’ ಎಂದು. ಕಾಲಥೇಸವನ್ನು ಬರೆಯುವಾಗ ಮಾತ್ರ ಇವತ್ತಿಗೂ ‘ಶ’ವನ್ನೇ ಬರೆಯುತ್ತಾರೆ. ಶಕಾರ ಸಕಾರಗಳಿಗಾಗಿ ಮೇಷ್ಟರ ಕೈಯಲ್ಲಿ ಏಟು ತಿಂದ ನಮ್ಮವರಿಗೆ ಬ್ಯಾಂಕಾಕಿನ ಮಕ್ಕಳ ಕಷ್ಟ ಅರ್ಥವಾದೀತು.

ಈ ‘ದೇಶ’ ಅಲ್ಲಿ ಒಂದೇ ಅರ್ಥದಲ್ಲಿ ನಿಲ್ಲಲಿಲ್ಲ. ‘ಪ್ರಥೇತ್’ ಎಂದರೆ ರಾಷ್ಟ್ರ, ಅದು ನಮ್ಮ ಪ್ರದೇಶ. ‘ಥೇತ್ಸಬಾನ್’ ಎಂದರೆ ಪುರಸಭೆ, ದೇಶಪಾಲ. ಬಲು ಸೊಗಸಾದ ತಿರುವು ಎಂದರೆ ಬರೀ ‘ಥೇತ್’ಗೆ ಹೊರನಾಡಿನದು ಎಂಬ ಅರ್ಥ ಬಂದದ್ದು. ಟೊಮೆಟೊ ಅವರಿಗೆ ‘ಮಖುವ ಥೇತ್’, ಅಂದರೆ ಹೊರನಾಡಿನ ಬದನೆ. ಮಸಾಲೆ ಪದಾರ್ಥ ‘ಖ್ರುವಂಗ್ ಥೇತ್’, ಹೊರನಾಡಿನ ಸಾಮಾನು. ಸ್ವಂತ ನಾಡನ್ನು ಹೇಳುವ ಪದ ಪರನಾಡಿನದಕ್ಕೆ ಅಂಟಿಕೊಂಡಿತಲ್ಲ ಎಂದು ಬೆರಗಾಗುವ ಮೊದಲು ನಮ್ಮ ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸುಗಳನ್ನು ನೆನೆಸಿಕೊಳ್ಳಬೇಕು. ನಮ್ಮ ‘ಸೀಮೆ’ ನಡೆದ ದಾರಿಯಲ್ಲೇ ಅವರ ‘ಥೇತ್’ ನಡೆದಿದೆ. ಮಖುವ ಥೇತನ್ನು ಪದಕ್ಕೆ ಪದ ಕನ್ನಡಿಸಿದರೆ ಸೀಮೆಬದನೆ. ತರಕಾರಿ ಬೇರೆ, ಬುದ್ಧಿ ಒಂದೇ.

ಇನ್ನೊಂದು ಕುಡಿಯೂ ಇದೆ. ದೇಶಕಾಲ ಎಂಬ ಕ್ರಮದಲ್ಲೇ ಜೋಡಿಸಿದರೆ ಥಾಯ್‌ನಲ್ಲಿ ‘ಥೇತ್ಸಕಾನ್’, ಅಂದರೆ ಹಬ್ಬ. ಹಿಂದುಮುಂದು ಮಾಡಿದರೆ ಕಾಲಥೇಸ, ಔಚಿತ್ಯ. ಹಬ್ಬ ಮತ್ತು ಮರ್ಯಾದೆ ಒಂದೇ ಜೋಡಿಯ ಮಕ್ಕಳು. ಏಪ್ರಿಲ್ 13ರಿಂದ 15ರವರೆಗಿನ ಸೊಂಗ್‌ಕ್ರಾನ್‌ನಲ್ಲಿ, ಅಂದರೆ ಅವರ ಸಂಕ್ರಾಂತಿಯಲ್ಲಿ, ಇವೆರಡೂ ಎದುರುಬದುರಾಗುತ್ತವೆ. ಬೀದಿಯಲ್ಲಿ ಗುರುತು ಪರಿಚಯವಿಲ್ಲದವರ ಮೇಲೂ ನೀರೆರಚಬಹುದು, ಪೊಲೀಸರೂ ನೆನೆಯುತ್ತಾರೆ. ಅದೇ ದಿನ ಮನೆಯೊಳಗೆ ಹಿರಿಯರು ಅಂಗೈ ಜೋಡಿಸಿ ಕೂರುತ್ತಾರೆ. ಕಿರಿಯರು ಪುಟ್ಟ ಬಟ್ಟಲಿನಿಂದ ಹೂ ತೇಲುವ ಸುಗಂಧದ ನೀರನ್ನು ಆ ಕೈಗಳ ಮೇಲೆ ಮೆಲ್ಲಗೆ ಬಿಟ್ಟು ಕ್ಷಮೆ ಕೇಳಿ, ಆಶೀರ್ವಾದ ಪಡೆಯುತ್ತಾರೆ. ಭಿಕ್ಷುವಿನ ಮೇಲೆ ಪಿಚಕಾರಿ ಹಿಡಿಯುವ ಹಾಗಿಲ್ಲ. ವಿದೇಶಿ ಪ್ರವಾಸಿಗೆ ಥೇತ್ಸಕಾನ್ ಬೇಗ ಅರ್ಥವಾಗುತ್ತದೆ, ಕಾಲಥೇಸ ಆಗುವುದಿಲ್ಲ. ದೂರುಗಳು ಹುಟ್ಟುವುದು ಅಲ್ಲೇ.

ಪ್ರವಾಸಿ ಕೈಪಿಡಿಗಳು ಕೊಡುವುದು ಬರೀ ಪಟ್ಟಿ: ತಲೆ ಮುಟ್ಟಬೇಡಿ, ಪಾದ ತೋರಿಸಬೇಡಿ, ಭುಜ ಮುಚ್ಚಿಕೊಳ್ಳಿ. ತಪ್ಪೇನಿಲ್ಲ, ಆದರೆ ಸಾಲದು. ಫುಕೆಟ್‌ನ ಕಡಲ ದಂಡೆಯಲ್ಲಿ ಯಾರೂ ಕೇಳದ ಉಡುಪು ಬ್ಯಾಂಕಾಕಿನ ಅರಮನೆ ಬಾಗಿಲಲ್ಲಿ ನಿಮ್ಮನ್ನು ಹಿಂದೆ ಕಳಿಸುತ್ತದೆ. ಬಟ್ಟೆ ಬದಲಾಗಿಲ್ಲ, ದೇಶ ಬದಲಾಗಿದೆ. 2017ರಲ್ಲಿ ವಾತ್ ಅರುಣ್ ದೇವಾಲಯದೆದುರು ಚಡ್ಡಿ ಜಾರಿಸಿ ಫೋಟೊ ತೆಗೆಸಿಕೊಂಡ ಇಬ್ಬರು ಅಮೆರಿಕನ್ನರನ್ನು ಪೊಲೀಸರು ವಿಮಾನ ನಿಲ್ದಾಣದಲ್ಲಿ ಹಿಡಿದು ದಂಡ ಹಾಕಿದರು.

ಈ ತಿಕ್ಕಾಟ ಹೊಸದೂ ಅಲ್ಲ. 1685ರಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ರಾಯಭಾರಿ ಶೋಮೊಂ ಅಯುತ್ಥಯದಲ್ಲಿ ನಾರಾಯ್ ದೊರೆಯ ಮುಂದೆ ನಿಂತ. ಸಯಾಮಿನ ಆಸ್ಥಾನಿಕರೆಲ್ಲ ನೆಲಕ್ಕೆ ಹಣೆ ಹಚ್ಚಿದ್ದರು. ದೊರೆ ಎತ್ತರದ ಕಿಟಕಿಯಲ್ಲಿದ್ದ. ಲೂಯಿಯ ಪತ್ರವನ್ನು ಕೈ ಎತ್ತಿ ಕೊಡಲು ಶೋಮೊಂ ಒಪ್ಪಲಿಲ್ಲ. ಆಸ್ಥಾನದಲ್ಲಿದ್ದ ಗ್ರೀಕ್ ಅಧಿಕಾರಿ ಫಾಲ್ಕನ್ ನೆಲದಿಂದಲೇ ಸನ್ನೆ ಮಾಡಿದರೂ ಕೇಳಲಿಲ್ಲ. ಕೊನೆಗೆ ದೊರೆಯೇ ನಗುತ್ತಾ ಕಿಟಕಿಯಿಂದ ಬಗ್ಗಿ ಪತ್ರ ತೆಗೆದುಕೊಂಡ. ಫ್ರೆಂಚರಿಗೆ ಅದು ಗೆಲುವು. ಹೆಮ್ಮೆಯಿಂದ ಚಿತ್ರ ಕೆತ್ತಿಸಿದರು. ಮೂರೇ ವರ್ಷಕ್ಕೆ ನಾರಾಯ್ ತೀರಿಕೊಂಡ, ಫಾಲ್ಕನ್‌ನ ತಲೆ ಹೋಯಿತು, ಫ್ರೆಂಚ್ ಸೈನ್ಯವನ್ನು ನಾಡಿನಿಂದ ಹೊರಡಿಸಿದರು. ಕಾರಣ ಒಂದು ಪತ್ರವಲ್ಲ, ಬ್ಯಾಂಕಾಕಿನ ಕೋಟೆಯಲ್ಲಿ ಫ್ರೆಂಚ್ ಸೈನಿಕರು ತಳವೂರಿದ್ದು. ನನಗನ್ನಿಸುವಂತೆ ಆ ದಿನ ಮರ್ಯಾದೆ ಉಳಿಸಿದವನು ಬಗ್ಗಿದ ದೊರೆಯೇ.

ಆ ಸಾಷ್ಟಾಂಗ ಪದ್ಧತಿಯನ್ನು 1873ರಲ್ಲಿ ಚುಲಾಲಂಗ್‌ಕಾರ್ನ್ ದೊರೆ ತಾನೇ ರದ್ದು ಮಾಡಿದ. ಸಂಪ್ರದಾಯಕ್ಕೂ ಕಾಲವಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹೊಸ ಸಂಪ್ರದಾಯಗಳೂ ಹುಟ್ಟುತ್ತವೆ. ಬೆಳಗ್ಗೆ 8ಕ್ಕೆ, ಸಂಜೆ 6ಕ್ಕೆ ರೈಲು ನಿಲ್ದಾಣ, ಉದ್ಯಾನಗಳಲ್ಲಿ ರಾಷ್ಟ್ರಗೀತೆ ಮೊಳಗಿದಾಗ ಓಡುವವರೂ ನಿಲ್ಲುತ್ತಾರಲ್ಲ, ಆ ಗೌರವ ಕಡ್ಡಾಯವಾದದ್ದು 1939ರಲ್ಲಿ, ಪ್ರಧಾನಿ ಫಿಬುನ್ ಸರ್ಕಾರದ ಕಟ್ಟಳೆಗಳಲ್ಲಿ. ಅದೇ ಸರ್ಕಾರ ಹೆಂಗಸರಿಗೆ ಹ್ಯಾಟ್ ಹಾಕಿಸಲು ಹೊರಟಿತ್ತು, ಎಲೆಅಡಿಕೆ ಬಿಡಿಸಲು ಹೊರಟಿತ್ತು. ಹ್ಯಾಟ್ ಉಳಿಯಲಿಲ್ಲ. ನಿಲ್ಲುವುದು ಉಳಿಯಿತು.

ಕಾಲಥೇಸ ಎಂಬ ಪದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಶಾಲೆಯ ಕೇಶ ನಿಯಮವನ್ನು, ಹಿರಿಯರ ಅಧಿಕಾರವನ್ನು ಪ್ರಶ್ನಿಸುವ ಹುಡುಗ ಹುಡುಗಿಯರಿಗೂ ‘ಕಾಲಥೇಸ ಗೊತ್ತಿಲ್ಲ’ ಎಂದೇ ಬಾಯಿ ಮುಚ್ಚಿಸುತ್ತಾರೆ. ಯಾವುದು ಸರಿಯಾದ ಹೊತ್ತು, ಯಾವುದು ಸರಿಯಾದ ಜಾಗ ಎಂದು ಗೊತ್ತುಮಾಡುವವರು ಯಾವಾಗಲೂ ಮೇಲೆ ಕೂತವರೇ. ಪ್ರವಾಸಿಗೆ ಈ ಮಾತು ಎರಡು ದಿನದ ಮುಜುಗರ, ಅಲ್ಲಿ ಬೆಳೆಯುವ ಮಕ್ಕಳಿಗೆ ಅದು ಬೇಲಿ.

2023ರ ನವೆಂಬರ್‌ನಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ ಪ್ರವೇಶ ಕೊಟ್ಟಿತು. 2024ರಲ್ಲಿ ಹೋದವರು 20 ಲಕ್ಷ ದಾಟಿದರು. ಬೆಂಗಳೂರಿನಿಂದ ನೇರ ವಿಮಾನಗಳಿವೆ. ನಮ್ಮನ್ನು ಅಲ್ಲಿ ಕರೆಯುವ ಹೆಸರು ‘ಖೇಕ್’, ಅದಕ್ಕೆ ಅತಿಥಿ ಎಂಬ ಅರ್ಥವೂ ಇದೆ. ಸಂಜೆ 6ಕ್ಕೆ ನಿಲ್ದಾಣದಲ್ಲಿ ಸುತ್ತಲಿನವರು ತಟ್ಟನೆ ನಿಂತರೆ ಸೆಲ್ಫಿ ಬಿಟ್ಟು ನೀವೂ ನಿಲ್ಲಿ. ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು.