‘ಕೊಳ್’ ಮತ್ತು ‘ಲೇವುಂ’: ಒಂದು ಕ್ರಿಯಾಪದದ ನೆರೆಹೊರೆ

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದ ಆ ಭಾಷೆಗೆ ಹೊರಗಿನಿಂದ ಬಂದದ್ದು. ಹಳೆಯ ಇಂಗ್ಲಿಷಿನಲ್ಲಿ ಆ ಅರ್ಥಕ್ಕೆ ‘ನಿಮನ್’ ಎಂಬ ಪದವಿತ್ತು. ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದವರ ‘ಟಾಕ’ ಅದನ್ನು ಮೆಲ್ಲಮೆಲ್ಲನೆ ಹೊರದೂಡಿತು. ಇಂದು ಔಷಧ, ಬಸ್ಸು, ಫೋಟೋ, ಕಾಲ ಎಲ್ಲವೂ ಅದರ ವಶ. ಕನ್ನಡದಲ್ಲಿ ಇಷ್ಟೇ ದೊಡ್ಡ ಸಂಸಾರ ನಡೆಸಿದ ಧಾತು ‘ಕೊಳ್’.

ಹಳಗನ್ನಡದಲ್ಲಿ ಅದು ಬಲವಂತದಿಂದ ಹಿಡಿಯುವುದೂ ಹೌದು. ವೀರಗಲ್ಲುಗಳ ಕಾಲದ ‘ತುಱುಗೋಳ್’ ಎಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋಗುವುದು. ‘ಕೊಳ್ಳೆ’ಯೂ ಅದೇ ಬೇರಿನದು. ಅದೇ ಧಾತು ಸಂತೆಗೆ ಬಂದು, ಹಣ ಕೊಟ್ಟು ಪಡೆಯುವುದೂ ಆಯಿತು. ಸುಲಿಗೆಗೂ ಖರೀದಿಗೂ ಬೇರು ಒಂದೇ ಎಂದರೆ ಸೂರತ್ತಿನ ಸೀರೆ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಬಂದವರು ಬೆರಗಾಗಲಾರರು. ‘ಬೆಸಗೊಳ್’ ಎಂದರೆ ಕೇಳುವುದು, ‘ಕೈಕೊಳ್’ ಎಂದರೆ ಸ್ವೀಕರಿಸುವುದು.

ಆದರೆ ‘ಕೊಳ್’ನ ನಿಜವಾದ ಕೌಶಲ ಕಾಣುವುದು ಅದು ಮತ್ತೊಂದು ಕ್ರಿಯಾಪದದ ಬೆನ್ನಿಗೆ ನಿಂತಾಗ. ‘ಬರೆ’ ಎಂದರೆ ಬರೆಯುವ ಕೆಲಸ ಮಾತ್ರ. ‘ಬರೆದುಕೋ’ ಎಂದರೆ ಬರೆಹ ನಿನಗಾಗಿ. ‘ಬರೆದುಕೊಡು’ ಎಂದರೆ ಬೇರೊಬ್ಬರಿಗಾಗಿ. ಫಲ ಯಾರಿಗೆ ಸಲ್ಲುತ್ತದೆ ಎಂಬುದನ್ನು ಕ್ರಿಯಾಪದವೇ ಹೇಳಿಬಿಡುತ್ತದೆ. ಅಹಮದಾಬಾದಿನ ಯಾವುದಾದರೂ ಕಚೇರಿಯಲ್ಲಿ ಕಿವಿಗೊಟ್ಟರೆ ಗುಜರಾತಿಯೂ ಇದನ್ನೇ ಮಾಡುವುದು ಕೇಳಿಸುತ್ತದೆ. ‘ಲಖೀ ಲೋ’ ಎಂದರೆ ಬರೆದುಕೊಳ್ಳಿ, ‘ಲಖೀ ಆಪೋ’ ಎಂದರೆ ಬರೆದುಕೊಡಿ. ‘ಲೇವುಂ’ ಅವರ ‘ಕೊಳ್’. ಸೀರೆ ಖರೀದಿಸುವುದಕ್ಕೂ ಔಷಧ ಸೇವಿಸುವುದಕ್ಕೂ ಅದೇ ಸಾಕು.

ಸಂಸ್ಕೃತಕ್ಕೂ ಈ ವಿವೇಚನೆಯಿತ್ತು. ‘ಪಚತಿ’ ಎಂದರೆ ಅನ್ಯರಿಗಾಗಿ ಅಡುವುದು, ‘ಪಚತೇ’ ಎಂದರೆ ತನಗಾಗಿ ಅಡುವುದು. ಯಾಗ ಮಾಡಿಸುವ ಯಜಮಾನನಿಗೆ ‘ಯಜತೇ’, ಋತ್ವಿಜನಿಗೆ ‘ಯಜತಿ’. ಪರಸ್ಮೈಪದ, ಆತ್ಮನೇಪದ ಎಂಬ ಹೆಸರುಗಳೇ ಅದನ್ನು ಸಾರುತ್ತವೆ. ಪ್ರಾಕೃತಗಳಲ್ಲಿ ಆ ಪ್ರತ್ಯಯಭೇದ ಸವೆದುಹೋಯಿತು. ಅದರ ಸಂತತಿಯಾದ ಗುಜರಾತಿ ಕಳೆದುಕೊಂಡದ್ದನ್ನು ಪ್ರತ್ಯಯದಿಂದಲ್ಲ, ‘ಲೇವುಂ’ ಎಂಬ ಸಹಾಯಕ ಕ್ರಿಯಾಪದದಿಂದ ಮರಳಿ ಪಡೆಯಿತು. ಅಂದರೆ ಕನ್ನಡದ ದಾರಿಯಲ್ಲಿ.

ಹಾಗಾದರೆ ಕನ್ನಡವೇ ಗುಜರಾತಿಗೆ ಕಲಿಸಿತೇ? ಆಸೆ ಹುಟ್ಟುವುದು ಸಹಜ. ಕ್ರಿ.ಶ. 812ರ ಬರೋಡಾ ತಾಮ್ರಶಾಸನದಲ್ಲಿ ಲಾಟದ ರಾಷ್ಟ್ರಕೂಟ ಅರಸ ಕರ್ಕನು ದಾನವಿತ್ತ ವಟಪದ್ರಕ ಗ್ರಾಮವೇ ಇಂದಿನ ವಡೋದರಾ. ಶಾಸನದ ಭಾಷೆ ಸಂಸ್ಕೃತ. ಅರಸನ ರುಜು ಮಾತ್ರ ದಕ್ಷಿಣದ ಲಿಪಿಯಲ್ಲಿದೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೂ ಒಂದು ರುಜುವಿನಿಂದ ವ್ಯಾಕರಣ ಹರಡಿತೆನ್ನುವುದು ಅಭಿಮಾನದ ಮಾತು, ಚರಿತ್ರೆಯದಲ್ಲ. ಹಿಂದಿ, ಮರಾಠಿ, ಬಂಗಾಳಿ, ತಮಿಳುಗಳಲ್ಲೂ ಇದೇ ಬಗೆಯ ಪ್ರಯೋಗವಿದೆ. ಎಮೆನೋ 1956ರಲ್ಲಿ ಭಾರತವನ್ನು ಒಂದೇ ‘ಭಾಷಾಪ್ರದೇಶ’ವೆಂದು ಕರೆದದ್ದು ಇಂಥ ಹಂಚಿಕೆಗಳನ್ನು ಕಂಡೇ, ಸಂಯುಕ್ತ ಕ್ರಿಯಾಪದಗಳ ಹರವನ್ನು ಕಾಲಿನ್ ಮಸಿಕಾ 1976ರ ಗ್ರಂಥದಲ್ಲಿ ವಿವರವಾಗಿ ಪರಿಶೀಲಿಸಿದರು. ಇಲ್ಲಿ ದಾನಿ, ಪ್ರತಿಗ್ರಾಹಿ ಎಂಬ ವಿಭಾಗಕ್ಕಿಂತ ಶತಮಾನಗಳ ನೆರೆಹೊರೆಯ ಬಾಳುವೆಯೇ ದೊಡ್ಡದು.

ಹೊರನಾಡಿನಲ್ಲಿ ಮಕ್ಕಳ ಕನ್ನಡ ಗುಜರಾತಿಯಿಂದ ಕೆಡುತ್ತದೆಂದು ನಮ್ಮಲ್ಲಿ ಹಲವರು ಅಂಜುತ್ತಾರೆ. ಶಬ್ದಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ‘ಸ್ನಾನ ತಗೊಂಡೆ’ ಎಂಬ ಮಾತು ಗುಜರಾತಿಯಿಂದ ಬಂದದ್ದಲ್ಲ, ಅದು ‘ಟೇಕ್’ನ ಕೊಡುಗೆ. ‘ಬಡಿಸು’ ಮತ್ತು ‘ಬಡಿಸಿಕೋ’ ಎರಡೂ ಒಂದೇ ಎಂದು ಮಗುವಿಗೆ ತೋರತೊಡಗಿದರೆ, ಅಲ್ಲಿಯೂ ಸಂಶಯಿಸಬೇಕಾದದ್ದು ಶಾಲೆಯ ಇಂಗ್ಲಿಷನ್ನೇ. ಈ ಭೇದವನ್ನು ಅದರ ಕ್ರಿಯಾಪದ ಹೊರುವುದಿಲ್ಲ. ಗುಜರಾತಿ ಹೊರುತ್ತದೆ. ಅಂಗಳದ ಗೆಳೆಯರೊಡನೆ ದಿನವೂ ‘ಲಈ ಲೇ’ ಎನ್ನುವ ಮಗುವಿಗೆ ‘ತೆಗೆದುಕೋ’ ಎಂಬುದರ ಕೊನೆಯಲ್ಲಿರುವ ಆ ‘ಕೋ’ ಏನೆಂದು ವಿವರಿಸಲು ವ್ಯಾಕರಣ ಪುಸ್ತಕ ಬೇಕಿಲ್ಲ. ‘ಲೇ’ ಎಂದರೆ ಸಾಕು.