ಗಣಕದಲ್ಲಿ ಕನ್ನಡಾಕ್ಷರಗಳ ಸ್ಥಿತ್ಯಂತರ

ಗಣಕಯಂತ್ರವು ಕನ್ನಡಿಗರ ಮನೆಗಳನ್ನು ಹೊಕ್ಕ ಮೊದಲ ವರ್ಷಗಳಲ್ಲಿ, ಅದರೊಳಗಿನ ಕನ್ನಡಾಕ್ಷರಗಳು ವಾಸ್ತವವಾಗಿ ವೇಷ ಧರಿಸಿದ ರೋಮನ್ ಅಕ್ಷರಗಳಾಗಿದ್ದುವು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದುವು. 'ನುಡಿ'ಯಲ್ಲಿ ಬರೆದ 'ಕ'ಕಾರವನ್ನು ಯಂತ್ರವು ಇಂಗ್ಲಿಷಿನ 'ಪಿ' ಎಂದೇ ಎಣಿಸುತ್ತಿದ್ದಿತು. ತಕ್ಕ ಫಾಂಟು ಇದ್ದರೆ ಮಾತ್ರ ಕಣ್ಣಿಗೆ ಕನ್ನಡ. ವೃತ್ತಪತ್ರಿಕೆಗಳೂ ಅಂತರ್ಜಾಲದಲ್ಲಿ ತಂತಮ್ಮ ಫಾಂಟುಗಳನ್ನೇ ಬಳಸಿದುದರಿಂದ, ಪರದೇಶದಲ್ಲಿದ್ದ ಓದುಗನು ಮೊದಲು ಅವನ್ನು ಇಳಿಸಿಕೊಳ್ಳಬೇಕಾಗಿದ್ದಿತು. ಜನರು ಗೊಣಗಿದರು, ಆದರೂ ಇಳಿಸಿಕೊಂಡರು. ಊರಿನ ಸುದ್ದಿಯ ಹಸಿವು ಅಂತಹುದು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ 'ತುಂಗಾ' ಫಾಂಟು ಬಂದಿತು. ಕಾಲಕ್ರಮದಲ್ಲಿ ಪತ್ರಿಕೆಗಳ ತಾಣಗಳೂ ಅತ್ತ ಸರಿದುವು. ಓದುವವರಿಗೆ ಇದು ಹಬ್ಬವಾಯಿತು, ಬರೆದಿಟ್ಟವರಿಗೆ ಹಾಗಾಗಲಿಲ್ಲ. ತಂದೆ ಟೈಪು ಮಾಡಿದ ವಂಶಾವಳಿ, ತಾಯಿ ಕೂಡಿಸಿಟ್ಟ ಹಾಡುಗಳು, ಹಳೆಯ ಫಾಂಟಿಲ್ಲದ ಹೊಸ ಯಂತ್ರದಲ್ಲಿ ತೆರೆದೊಡನೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡುವು. ಪರಿವರ್ತಕಗಳೇನೋ ಹುಟ್ಟಿದುವು. ಆದರೆ ಅರ್ಕಾವತ್ತನ್ನು ಹಳೆಯ ಕ್ರಮವು ವ್ಯಂಜನದ ಅನಂತರವೂ ಯೂನಿಕೋಡು ಅದಕ್ಕೆ ಮೊದಲೂ ಇಡುವುದರಿಂದ, ಪರಿವರ್ತಿತ ಪ್ರತಿಯನ್ನು ಮನೆಯವರೇ ಕುಳಿತು ತಿದ್ದಬೇಕಾದ ಸಂದರ್ಭಗಳುಂಟು. 'ನುಡಿ'ಗೆ ಆಧಾರವಾದ ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸವು ಮಾತ್ರ ಯೂನಿಕೋಡಿನಲ್ಲಿಯೂ ಉಳಿದುದರಿಂದ, ಬೆರಳುಗಳಿಗೆ ಮರಳಿ ಅಕ್ಷರಾಭ್ಯಾಸ ಬೇಕಾಗಲಿಲ್ಲ.